ಟೀ ಖರ್ಚಿನ ಕಾಲಂ

ಶ್ರೀನಿವಾಸಪುರದಾಚೆ, ಮದನಪಲ್ಲಿ ರಸ್ತೆಯಲ್ಲಿ,
ಮಾವಿನ ಮಂಡಿ ದಾಟಿದ ಮೇಲೆ
ಎಡಕ್ಕೆ ತಗಡಿನ ಬೇಲಿ. ಒಳಗೆ
ಇನ್ನೂ ಎದ್ದು ನಿಲ್ಲದ ಒಂದು ಕೋಲ್ಡ್ ಸ್ಟೋರೇಜು.
ಮೂವತ್ತಾರು ಕಾಲಂ, ಇಪ್ಪತ್ತಾರು ಆಳು,
ಒಂದು ಸ್ಟೋರ್ ರೂಮು, ಅದಕ್ಕೆ ನಾನು.

ಸಿಮೆಂಟು ಬಂದದ್ದು, ಹೋದದ್ದು, ಉಳಿದದ್ದು,
ಖಾಲಿ ಚೀಲ ಎಣಿಸಿ ಕಟ್ಟಿಟ್ಟದ್ದು.
ನನ್ನ ಕಾಲಂಗಳು ನೀಲಿ ಶಾಯಿಯವು,
ಹೊರಗಿನವು ಕಬ್ಬಿಣದವು.
ಎರಡಕ್ಕೂ ಒಂದೇ ಹೆಸರೆಂದು
ಆಗ ಹೊಳೆದಿರಲಿಲ್ಲ.

ಕೋಲಾರದ ಆಫೀಸಿನಿಂದ ಕಾಗದ ಬಂತು:
ನೂರಕ್ಕೆ ನಾಲ್ಕು ಇಳಿಸಿ, ಎಲ್ಲ ಬಾಬ್ತಿನಲ್ಲೂ.
ಜಲ್ಲಿಯ ದರ ನನ್ನ ಮಾತು ಕೇಳುವುದಿಲ್ಲ,
ಡೀಸೆಲ್ಲು ಯಾರ ಮಾತೂ.
ಪುಟದ ಮೇಲಿಂದ ಕೆಳಕ್ಕೆ ಬೆರಳು ಓಡಿಸಿದೆ.
ಕೊನೆಯ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿತ್ತು
ಟೀ, ದಿನಕ್ಕೆ ಎರಡು ಸಲ.
ಹನ್ನೊಂದು ಗಂಟೆಯದಕ್ಕೆ ಗೀಟು.
ಇಪ್ಪತ್ತಾರು ಲೋಟ, ಲೋಟಕ್ಕೆ ಹತ್ತು,
ಇನ್ನೂರ ಅರವತ್ತು.
ಸ್ಕೇಲು ಇಟ್ಟೇ ಎಳೆದೆ. ಅಂದವಾಗಿತ್ತು.

ಅಕ್ಕಯಮ್ಮ ಕ್ಯಾನು ಹೊತ್ತು ಬಂದವಳು
ಗೇಟಿನಿಂದಲೇ ತಿರುಗಿ ಹೋದಳು.
ಯಾರೂ ಏನೂ ಅನ್ನಲಿಲ್ಲ.
ಅದನ್ನೂ ಉಳಿತಾಯಕ್ಕೇ ಬರೆದುಕೊಂಡೆ.

ಒಂಬತ್ತನೇ ದಿನ, ಹದಿನಾಲ್ಕನೇ ಕಾಲಂ.
ನಯಾಜ್ ಸಾರ್ ಫೋನಿನ ಫೋಟೋ ಹಿಗ್ಗಿಸಿ ನೋಡಿ
ಸುಮ್ಮನೆ ನಿಂತುಬಿಟ್ಟರು.
ಬುಡದಲ್ಲಿ ನಾಲ್ಕಿಂಚಿಗೊಂದು ಇರಬೇಕಾದ ರಿಂಗು
ಎಂಟಕ್ಕೊಂದು.
ಕಾಂಕ್ರೀಟು ಆಗಲೇ ಕಲ್ಲು.

ಒಡೆಯುವ ಮೆಷಿನ್ನಿಗೆ ಎರಡು ದಿನದ ಬಾಡಿಗೆ,
ಐದು ಚೀಲ ಸಿಮೆಂಟು, ಶಟರಿನವರ ಕೂಲಿ, ಹೊಸ ಕಂಬಿ.
ಹದಿನೆಂಟು ಸಾವಿರದ ಮೇಲೆ ಚಿಲ್ಲರೆ.
ಒಂಬತ್ತು ದಿನದ ಟೀ
ಎರಡು ಸಾವಿರದ ಮುನ್ನೂರ ನಲವತ್ತು.
ಧೂಳಿನಲ್ಲಿ ನಿಂತು ಇವೆರಡನ್ನೂ
ಒಂದರ ಕೆಳಗೊಂದು ಬರೆದೆ.

ಕಂಬಿ ಕಟ್ಟುವ ಯರ್ರಪ್ಪನನ್ನು ಕೇಳಿದೆ,
ನಿಂಗೆ ಗೊತ್ತಿರಲಿಲ್ವಾ?
‘ಬೆಳಗ್ಗೇನೇ ಅನುಮಾನ ಇತ್ತಮ್ಮಾ. ಹೊಸ ಹುಡುಗ ಕಟ್ಟಿದ್ದು.’
ಮತ್ತೆ ಮೇಸ್ತ್ರಿಗೆ ಹೇಳಬಾರದಾ?
‘ಹನ್ನೊಂದು ಗಂಟೆಗೆ ಹೇಳ್ತಿದ್ದೆ.’

ಅವನು ಬೇಲಿಯ ಆ ತುದಿ, ಕಟರಿನ ಕಿರುಚಾಟದಲ್ಲಿ.
ನಾರೆಪ್ಪ ಮೇಸ್ತ್ರಿ ಈ ತುದಿ, ಮಿಕ್ಸರಿನ ಗುಡುಗುಡಿಯಲ್ಲಿ.
ಎರಡು ಸದ್ದೂ ಒಟ್ಟಿಗೆ ನಿಲ್ಲುತ್ತಿದ್ದ ಹೊತ್ತು
ದಿನದಲ್ಲಿ ಒಂದೇ ಒಂದಿತ್ತು.
ಅದರ ಮೇಲೆ ನಾನು ಸ್ಕೇಲು ಇಟ್ಟಿದ್ದೆ.

ಮಾರನೆಯ ದಿನ ಕ್ಯಾನು ಬಂತು.
ರಿಜಿಸ್ಟರು ಬಗಲಲ್ಲಿಟ್ಟು ನಾನೂ ಹೋಗಿ ಕೂತೆ,
ಜಲ್ಲಿ ರಾಶಿಯ ನೆರಳಿಗೆ.
ಮೊದಲು ಮಾತು ಕಟ್ಟಿತು, ನಾನಿದ್ದೆನಲ್ಲ.
ಆಮೇಲೆ ಯಾರದೋ ಮಗಳ ನಾಮಕರಣ, ಟೊಮೇಟೊ ದರ,
ಆಮೇಲೆ ಯರ್ರಪ್ಪ ಒಡೆದ ಇಟ್ಟಿಗೆ ಚೂರಿನಿಂದ
ನೆಲದ ಮೇಲೊಂದು ಉದ್ದ ಗೆರೆ ಎಳೆದ:
‘ಇದು ಹನ್ನೆರಡು ಮೀಟರಿನ ಕಂಬಿ.
ಕಾಲಂಗೆ ನಾಲ್ಕೂಕಾಲಿಂದು ಎರಡು ಕತ್ತರಿಸ್ತೀವಿ,
ಮಿಕ್ಕ ಮೂರೂವರೆ ಗುಜರಿಗೆ.
ಲಿಂಟಲ್ಲಿಗೆ ಒಂದೂಮುಕ್ಕಾಲು ಬೇಕು ಅಂತ
ಹೊಸ ಕಂಬಿ ಕೊಯ್ತೀವಿ.
ಆ ಮೂರೂವರೇಲೇ ಎರಡು ಬರಲ್ವಾ?’

ಬರುತ್ತದೆ. ಕೂಡಿದೆ, ಮತ್ತೊಮ್ಮೆ ಕೂಡಿದೆ.
ಹನ್ನೆರಡಕ್ಕೆ ಹನ್ನೆರಡು,
ಗರಗಸದ ಬಾಯಿಗಷ್ಟೇ ಪುಡಿ.
ಲಿಂಟಲ್ಲಿನ ಪಟ್ಟಿ ಮುಂದಿನ ತಿಂಗಳದೆಂದು
ಬೇರೆ ಫೈಲಿನಲ್ಲಿತ್ತು, ಫೈಲು ನನ್ನ ಬೀರುವಿನಲ್ಲಿ.
ಇಷ್ಟು ದಿನ ಯಾಕೆ ಹೇಳಲಿಲ್ಲವೆಂದು
ಈ ಸಲ ಕೇಳಲಿಲ್ಲ.

ಆಫೀಸಿನವರು ನಮೂನೆ ಕಳಿಸಿದ್ದಾರೆ:
ಸುಧಾರಣೆಯ ವಿವರ. ಸೂಚಿಸಿದವರು. ಸಭೆಯ ದಿನಾಂಕ.
ಯರ್ರಪ್ಪನ ಹೆಸರು ಬರೆದೆ, ಇನಿಷಿಯಲ್ ಕೇಳಿ ಬರೆದೆ.
ಸಭೆ: ಪ್ರತಿದಿನ.
ಅದು ವಾಪಸು ಬಂತು,
ದಿನಾಂಕ ನಮೂದಿಸಿ ಎಂಬ ಕೆಂಪು ಅಕ್ಷರದೊಂದಿಗೆ.
ಇನ್ನೂ ಮೇಜಿನ ಮೇಲಿದೆ, ಅದರ ಮೇಲೊಂದು ಬೋಲ್ಟು.

ಶನಿವಾರ ಗುಜರಿಯ ಬಾಬಾಜಾನ್
ತಕ್ಕಡಿ ಸಮೇತ ಬಂದ. ಮೂಲೆಯ ರಾಶಿ ನೋಡಿದ,
ಅಂಗೈಯಗಲದ ನಾಲ್ಕು ತುಂಡು.
‘ಏನಮ್ಮಾ, ಕೆಲಸ ನಿಂತುಹೋಯ್ತಾ?’
ಪಾಪ, ಮುಖ ಸಣ್ಣಗಾಗಿತ್ತು.

ಹನ್ನೊಂದು ಹೊಡೆದಿತ್ತು. ಕೂತ್ಕೋ ಅಂದೆ.
ಅವತ್ತಿನ ಲೆಕ್ಕ:
ಲೋಟ, ಇಪ್ಪತ್ತೇಳು.